ಫಿಲ್ಟರ್ ದಾಟಿ ಬಂದ ಹುಡಿ: ಚೈನ್‌ಸಾ ಕಾರ್ಬೊರೇಟರ್‌ಗೆ ಮರದ ಪುಡಿ ಹೋಗುತ್ತಿದ್ದರೆ ಏನು ಮಾಡಬೇಕು

ಹೋದ ಬೇಸಿಗೆಯಲ್ಲಿ ಕೊಟ್ಟಿಗೆ ಹಿಂದೆ ಪೇರಿಸಿಟ್ಟಿದ್ದ ಅಕೇಶಿಯಾ ದಿಮ್ಮಿಗಳನ್ನು ಸೌದೆ ಮಾಡುತ್ತಿದ್ದೆ. ಮಳೆ ಹಿಡಿಯುವ ಮೊದಲು ಬಚ್ಚಲೊಲೆಗೆ ಸೌದೆ ಬೇಕಲ್ಲ. ಎರಡು ಟ್ಯಾಂಕ್ ಪೆಟ್ರೋಲ್ ಮುಗಿದ ಮೇಲೆ ಚೈನ್‌ಸಾದ ಏರ್ ಫಿಲ್ಟರ್ ಬಿಚ್ಚಿ ನೋಡಿದರೆ, ಕಾರ್ಬೊರೇಟರ್ ಬಾಯಿಯೊಳಗೆ ಗೋಧಿ ಹಿಟ್ಟು ಉದುರಿಸಿದ ಹಾಗೆ ಕಂದು ಹುಡಿ. ಫಿಲ್ಟರ್ ಹಾಳಾಗಿದೆ ಅಂದುಕೊಂಡು ಪೇಟೆಗೆ ಹೋಗಿ ಹೊಸದು ತಂದೆ. ಮಾರನೇ ದಿನವೂ ಅದೇ ಹುಡಿ. ಮೊದಲಿಗಿಂತ ಸ್ವಲ್ಪ ಜಾಸ್ತಿನೇ ಇತ್ತು.

ಆಮೇಲೆ ಗೊತ್ತಾಗಿದ್ದು ಏನೆಂದರೆ, ಹುಡಿ ಫಿಲ್ಟರ್‌ನ ಜಾಲರಿಯೊಳಗಿಂದ ಬರುತ್ತಲೇ ಇರಲಿಲ್ಲ. ಪಕ್ಕದಿಂದ ಬರುತ್ತಿತ್ತು. ಗದ್ದೆಯ ನೀರು ಎಲ್ಲಿ ಸೋರುತ್ತಿದೆ ಎಂದು ಬದು ಹಿಡಿದು ಹುಡುಕುತ್ತೇವಲ್ಲ, ಇಲ್ಲೂ ಹಾಗೆಯೇ. ಹುಡಿ ಬಂದ ದಾರಿ ಸಿಕ್ಕರೆ ರಿಪೇರಿ ಹತ್ತು ನಿಮಿಷದ್ದು. ದಾರಿ ಸಿಗದೆ ಸುಮ್ನೆ ಸಾಮಾನು ಬದಲಿಸುತ್ತಾ ಹೋದರೆ ದುಡ್ಡು ಹೋಗುತ್ತದೆ, ಹುಡಿ ಉಳಿಯುತ್ತದೆ.

ಸ್ವಲ್ಪ ಹುಡಿ ಹೋದರೆ ಏನಾಗುತ್ತದೆ?

ಬೈಕಿನ ಫೋರ್ ಸ್ಟ್ರೋಕ್ ಇಂಜಿನ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಚೈನ್‌ಸಾ ಟೂ ಸ್ಟ್ರೋಕ್. ಇದರಲ್ಲಿ ಬೇರೆ ಇಂಜಿನ್ ಆಯಿಲ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಟೂ ಟಿ ಆಯಿಲ್ಲೇ ಎಲ್ಲಕ್ಕೂ ಜಿಡ್ಡು. ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಸೇರಿ ಮೊದಲು ಪಿಸ್ಟನ್‌ನ ಕೆಳಗೆ, ಕ್ರ್ಯಾಂಕ್ ಇರುವ ಗೂಡಿಗೆ ಹೋಗುತ್ತವೆ. ಅಲ್ಲಿಂದ ಮೇಲಕ್ಕೆ ಬಂದು ಉರಿಯುತ್ತವೆ. ಹಾಗಾಗಿ ಒಳಗೆ ಹೋದ ಹುಡಿ ಬೇರಿಂಗ್, ಪಿಸ್ಟನ್, ರಿಂಗ್ ಎಲ್ಲವನ್ನೂ ಸವರಿಕೊಂಡೇ ಹೊರಬರಬೇಕು. ಆಯಿಲ್ ಜೊತೆ ಕಲೆತರೆ ಅದು ವರ್ಕ್‌ಶಾಪಿನಲ್ಲಿ ವಾಲ್ವ್ ಮಸೆಯಲು ಬಳಸುವ ಪೇಸ್ಟಿನ ಹಾಗೆ ಕೆಲಸ ಮಾಡುತ್ತದೆ.

ಮರದ ಹುಡಿ ಮೆತ್ತಗಿನದು, ನಿಜ. ಅದರ ಜೊತೆ ಬರುವ ಮಣ್ಣು ಮೆತ್ತಗಿನದಲ್ಲ. ನಮ್ಮ ಕಡೆ ದಿಮ್ಮಿಯನ್ನು ನೆಲದ ಮೇಲೆ ಎಳೆದು ತರುತ್ತೇವೆ. ತೊಗಟೆಯ ಸಂದಿಯಲ್ಲೆಲ್ಲ ಕೆಂಪು ಮಣ್ಣು ಕೂತಿರುತ್ತದೆ. ಕಾರ್ಬೊರೇಟರ್ ಬಾಯಿಯಲ್ಲಿ ಸಿಕ್ಕ ಹುಡಿ ಕೆಂಪಗಿದ್ದರೆ ಹೆಚ್ಚು ಹೆದರಬೇಕು.

ಬಿಚ್ಚುವ ಮೊದಲು

ಸ್ವಿಚ್ ಆಫ್ ಮಾಡಿ. ಸೈಲೆನ್ಸರ್ ತಣಿಯಲಿ. ಪ್ಲಗ್‌ನ ಕ್ಯಾಪ್ ಕಿತ್ತಿಡಿ. ಚೈನಿಗೆ ಕವರ್ ಹಾಕಿ. ಇಷ್ಟು ಮಾಡದೆ ಕೈ ಹಾಕಬೇಡಿ.

ಈಗ ಬಹಳ ಜನ ತಪ್ಪುವ ಜಾಗ. ಕೆಲಸ ಮುಗಿದ ಮೆಷಿನ್‌ನ ಮೇಲೆಲ್ಲ ಹುಡಿ ಇರುತ್ತದೆ. ಹಾಗೇ ಕವರ್ ತೆಗೆದು ಫಿಲ್ಟರನ್ನು ಎಳೆದರೆ, ಅಂಚಿನಲ್ಲಿದ್ದ ಹುಡಿಯೆಲ್ಲ ಜಾರಿ ನೇರವಾಗಿ ಕಾರ್ಬೊರೇಟರ್ ಬಾಯಿಗೆ ಬೀಳುತ್ತದೆ. ಆಮೇಲೆ ನಾವು ಬಗ್ಗಿ ನೋಡಿ "ಅಯ್ಯೋ, ಹುಡಿ ಒಳಗೆ ಹೋಗಿದೆ" ಅನ್ನುತ್ತೇವೆ. ಹಾಕಿದ್ದು ನಾವೇ!

ಅದಕ್ಕೆ ಕ್ರಮ ಹೀಗಿರಲಿ. ಮೊದಲು ಚೋಕ್ ಪೂರ್ತಿ ಹಾಕಿ. ಆಗ ಕಾರ್ಬೊರೇಟರ್ ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲವು ಮೆಷಿನ್‌ಗಳಲ್ಲಿ ಲಿವರ್ ಕೆಳಗಿಳಿಯಬೇಕಾದರೆ ಎಕ್ಸಲರೇಟರ್ ಒತ್ತಿ ಹಿಡಿಯಬೇಕು. ನಂತರ ಪೇಂಟ್ ಬ್ರಷ್‌ನಲ್ಲಿ ಕವರ್ ಸುತ್ತ ಗುಡಿಸಿ. ಕವರ್ ತೆಗೆಯಿರಿ. ಫಿಲ್ಟರ್ ಇನ್ನೂ ಕೂತಿರುವಾಗಲೇ ಅದರ ಸುತ್ತಲಿನ ತಳವನ್ನೂ ಗುಡಿಸಿ. ಆಮೇಲೆ ಮೆಷಿನ್ ಸ್ವಲ್ಪ ಓರೆ ಮಾಡಿ, ಹುಡಿ ಹೊರಗೆ ಬೀಳುವ ಹಾಗೆ ಫಿಲ್ಟರ್ ಎತ್ತಿ.

ಒಂದು ವಾರ ಹೀಗೆ ಮಾಡಿ ನೋಡಿ. ಹುಡಿ ನಿಂತುಹೋದರೆ ನಿಮ್ಮ ಮೆಷಿನ್‌ಗೆ ಏನೂ ಆಗಿರಲಿಲ್ಲ, ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಹುಡಿಯನ್ನು ಓದುವುದು

ನಿಲ್ಲಲಿಲ್ಲವಾದರೆ, ಕಂಡ ತಕ್ಷಣ ಒರೆಸಬೇಡಿ. ಟಾರ್ಚ್ ಹಿಡಿದು ನೋಡಿ. ಫಿಲ್ಟರ್‌ನ ಒಳಬದಿ ಕಪ್ಪಾಗಿ, ಒದ್ದೆಯಾಗಿ, ಎಣ್ಣೆ ಎಣ್ಣೆಯಾಗಿದ್ದರೆ ಅದು ಹುಡಿಯ ಸಮಸ್ಯೆ ಇರಲಿಕ್ಕಿಲ್ಲ. ಟೂ ಸ್ಟ್ರೋಕ್ ಇಂಜಿನ್ ಸ್ವಲ್ಪ ಪೆಟ್ರೋಲ್ ಆವಿಯನ್ನು ಕಾರ್ಬೊರೇಟರ್ ಮೂಲಕ ಹಿಂದಕ್ಕೆ ಉಗುಳುತ್ತದೆ. ಅದರ ಜಿಡ್ಡು ಅಲ್ಲಿ ಕೂರುತ್ತದೆ. ಸ್ವಲ್ಪ ಇದ್ದರೆ ಸಹಜ.

ಒಣ ಹುಡಿ ಒಂದೇ ಕಡೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿದ್ದರೆ, ಆ ಬೀಸಣಿಗೆಯ ಹಿಡಿ ಇರುವ ಕಡೆಯೇ ತೂತು. ಎಲ್ಲ ಕಡೆ ಸಮವಾಗಿ ಪೌಡರ್ ಬಳಿದಂತಿದ್ದರೆ ಜಾಲರಿಯ ಕಣ್ಣೇ ದೊಡ್ಡದು, ಅಥವಾ ಹುಡಿಯೇ ತೀರಾ ನುಣ್ಣಗಿದೆ. ದಪ್ಪ ಕಾಳುಗಳು ಸಿಕ್ಕರೆ ಅವು ಜಾಲರಿಯೊಳಗಿಂದ ಬರಲು ಸಾಧ್ಯವೇ ಇಲ್ಲ. ಅಂಚು ಬಿಟ್ಟಿದೆ ಅಥವಾ ಬಿಚ್ಚುವಾಗ ಬಿದ್ದಿವೆ.

ನೋಡಿದ ಮೇಲೆ ಚೋಕ್ ಮುಚ್ಚಿಯೇ ಇಟ್ಟು, ಪೆಟ್ರೋಲ್ ತಾಗಿಸಿದ ಬಟ್ಟೆಯಲ್ಲಿ ತಳವನ್ನೂ ಬಾಯಿಯನ್ನೂ ಒರೆಸಿ. ಬಟ್ಟೆ ನೂಲು ಬಿಡದಂಥದ್ದಿರಲಿ, ಹಳೆ ಪಂಚೆ ತುಂಡು ಒಳ್ಳೆಯದು. ಹತ್ತಿರ ಬೀಡಿ, ಒಲೆ ಇರಬಾರದು.

ಫಿಲ್ಟರ್ ಪರೀಕ್ಷೆ

ತೊಳೆದು ಒಣಗಿಸಿದ ಫಿಲ್ಟರನ್ನು ಬಿಸಿಲಿಗೆ ಹಿಡಿಯಿರಿ. ಜಾಲರಿಯಲ್ಲಿ ಬೆಳಕು ಮಂಕಾಗಿ ಒಂದೇ ಸಮ ಕಾಣಬೇಕು. ಎಲ್ಲಾದರೂ ನಕ್ಷತ್ರದಂತೆ ಚುಕ್ಕಿ ಮಿಂಚಿದರೆ ಅಲ್ಲಿ ತೂತು. ಕೆಲವು ಫಿಲ್ಟರ್‌ಗಳ ಜಾಲರಿಯ ಮೇಲೆ ಮಖಮಲ್ಲಿನ ಹಾಗೆ ನವಿರಾದ ರೋಮ ಅಂಟಿಸಿರುತ್ತಾರೆ. ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತಿಕ್ಕಿ ಅದು ಉದುರಿದರೆ ಉಳಿಯುವುದು ಬರೀ ಬಲೆ. ಅಂಥ ಫಿಲ್ಟರ್‌ಗೆ ಇನ್ನು ಮುಂದೆ ಮೀನು ಹಿಡಿಯುವ ಕೆಲಸ ಮಾತ್ರ.

ನಮ್ಮಲ್ಲಿ ಜಾಸ್ತಿ ಮಾರಾಟವಾಗುವ 52 ಸಿಸಿ, 58 ಸಿಸಿಯ ಅಗ್ಗದ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಫಿಲ್ಟರ್ ಎರಡು ಹೋಳಾಗಿರುತ್ತದೆ. ಎರಡನ್ನೂ ಒತ್ತಿ ಕೂರಿಸಬೇಕು. ಆ ಜೋಡಣೆಯೇ ದೊಡ್ಡ ಕಳ್ಳಗಂಡಿ. ಒಂದೆರಡು ವರ್ಷ ಬಿಚ್ಚಿ ಹಾಕಿದ ಮೇಲೆ ಪ್ಲಾಸ್ಟಿಕ್ ಸವೆದು, ಒಂದು ಮೂಲೆ ಸರಿಯಾಗಿ ಕಚ್ಚುವುದಿಲ್ಲ. ಜೋಡಿಸಿದ ಮೇಲೆ ಬೆರಳಲ್ಲಿ ಸುತ್ತ ಒತ್ತುತ್ತಾ ಬನ್ನಿ. ಟಕ್ ಅಂತ ಸದ್ದು ಬಂದರೆ ಆ ಮೂಲೆ ಅಲ್ಲಿಯವರೆಗೆ ಕೂತಿರಲಿಲ್ಲ ಅಂತ ಅರ್ಥ.

ಜಾಲರಿಯ ಕಣ್ಣಿನ ಗಾತ್ರವೂ ಬೇರೆ ಬೇರೆ. ನೈಲಾನ್ ಜಾಲರಿಯಲ್ಲೇ 80 ಮೈಕ್ರಾನ್, 44 ಮೈಕ್ರಾನ್ ಎಂದು ಸಿಗುತ್ತವೆ. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ ದಪ್ಪ, ಅಂದಾಜಿಗೆ ಇರಲಿ. ಹಸಿ ಮರಕ್ಕೆ ದೊಡ್ಡ ಜಾಲರಿ ಸಾಕು, ಬೇಗ ಕಟ್ಟುವುದೂ ಇಲ್ಲ. ಒಣ ಮರಕ್ಕೆ, ಧೂಳಿಗೆ ಸಣ್ಣ ಜಾಲರಿ ಅಥವಾ ಫೆಲ್ಟ್ (ಕಂಬಳಿಯಂಥ ಒತ್ತು ಬಟ್ಟೆ) ಫಿಲ್ಟರ್ ಬೇಕು. ಫೆಲ್ಟ್ ಬೇಗ ಕಟ್ಟುತ್ತದೆ, ಪದೇ ಪದೇ ಶುಚಿ ಮಾಡಬೇಕು. ನಿಮ್ಮ ಮಾಡೆಲ್‌ಗೆ ಯಾವುದು ಬರುತ್ತದೆ ಎಂದು ಡೀಲರ್ ಹತ್ತಿರ ಕೇಳಿ.

ಅಂಚು ಕೂತಿದೆಯಾ?

ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ತೊಂದರೆ ಇರುವುದು ಇಲ್ಲೇ. ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಾನು ತಂದ ಹೊಸ ಫಿಲ್ಟರ್ ನೋಡಲು ಹಳೆಯದರ ತದ್ರೂಪು. ಆದರೆ ಕಂಪನಿಯದ್ದಲ್ಲ. ನಟ್ ಪೂರ್ತಿ ಟೈಟ್ ಆಗುತ್ತಿತ್ತು. ಆದರೂ ಫಿಲ್ಟರನ್ನು ಹಿಡಿದು ಅಲ್ಲಾಡಿಸಿದರೆ ಕಡಕ್ ಕಡಕ್ ಅನ್ನುತ್ತಿತ್ತು. ನಟ್ ಟೈಟ್, ಫಿಲ್ಟರ್ ಲೂಸ್. ಹೇಗೆ ಅಂತ ತಲೆ ಕೆರೆದುಕೊಂಡೆ. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಹೊಸದರ ನಡುವಿನ ದಪ್ಪ ಹಳೆಯದಕ್ಕಿಂತ ಒಂದು ಉಗುರಿನಷ್ಟು ಕಡಿಮೆ. ನಟ್ ಸ್ಕ್ರೂವಿನ ಗೀರು ಮುಗಿಯುವಲ್ಲಿಗೆ ಬಂದು ನಿಲ್ಲುತ್ತಿತ್ತು. ಫಿಲ್ಟರನ್ನು ಒತ್ತುತ್ತಲೇ ಇರಲಿಲ್ಲ. ಸದ್ಯಕ್ಕೆ ಒಂದು ವಾಷರ್ ಹಾಕಿದೆ. ಹುಡಿ ಅವತ್ತೇ ನಿಂತಿತು.

ನೀವು ಮಾಡಬೇಕಾದ್ದು ಇಷ್ಟು. ಫಿಲ್ಟರ್ ಕೂರಿಸಿ, ಕವರ್ ಹಾಕದೆ, ಬೆರಳಲ್ಲಿ ಅಲ್ಲಾಡಿಸಿ. ಅಲುಗಬಾರದು. ಅಲುಗದಿದ್ದರೂ ಕಾಡಿಗೆ ಪರೀಕ್ಷೆ ಮಾಡಿ. ಫಿಲ್ಟರ್ ಕೂರುವ ತಳದ ಅಂಚಿಗೆ ಬೆರಳಿಂದ ತೆಳ್ಳಗೆ ಕಾಡಿಗೆ ಹಚ್ಚಿ. ಫಿಲ್ಟರ್ ಕೂರಿಸಿ ನಟ್ ಹಾಕಿ, ಮತ್ತೆ ಬಿಚ್ಚಿ. ಫಿಲ್ಟರ್‌ನ ಅಂಚಿನಲ್ಲಿ ಕಪ್ಪು ಗೆರೆ ಪೂರ್ತಿ ಸುತ್ತು ಬಂದಿರಬೇಕು. ಎಲ್ಲಿ ಗೆರೆ ತುಂಡಾಗಿದೆಯೋ ಅಲ್ಲಿ ಸಂದು. ಮನೆಯಲ್ಲಿ ಕಾಡಿಗೆ ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ, ಅದಕ್ಕೆ ನಾನು ಜವಾಬ್ದಾರನಲ್ಲ. ಪರೀಕ್ಷೆ ಆದ ಮೇಲೆ ಎರಡೂ ಕಡೆ ಚೆನ್ನಾಗಿ ಒರೆಸಿ.

ಗೆರೆ ತುಂಡಾಗಲು ಕಾರಣಗಳು ಕೆಲವೇ. ಅಂಚಿನಲ್ಲಿ ಹಳೆ ಹುಡಿ ಎಣ್ಣೆ ಜೊತೆ ಗಟ್ಟಿಯಾಗಿ ಕೂತಿರುತ್ತದೆ. ಮರದ ಕಡ್ಡಿಯಲ್ಲಿ ಕೆರೆದು ತೆಗೆಯಿರಿ, ಸ್ಕ್ರೂಡ್ರೈವರ್ ಬೇಡ. ರಬ್ಬರ್ ಅಂಚು ಇದ್ದರೆ ಅದು ಬಿರಿದಿರಬಹುದು, ಅಥವಾ ಗಟ್ಟಿಯಾಗಿರಬಹುದು. ಇನ್ನೊಂದು, ನಟ್‌ಅನ್ನು ಇಕ್ಕಳ ಹಾಕಿ ಬಿಗಿದು ಬಿಗಿದು ಫಿಲ್ಟರ್‌ನ ಪ್ಲಾಸ್ಟಿಕ್ಕೇ ಸೊಟ್ಟಗಾಗಿರುವುದು. ಕೈಬಿಗಿ ಸಾಕು. ಸೊಟ್ಟಗಾದ ಫಿಲ್ಟರನ್ನು ನೆಟ್ಟಗೆ ಮಾಡಲು ಹೋಗಬೇಡಿ, ಬದಲಿಸಿ.

ಗೆರೆ ಪೂರ್ತಿ ಬಂದರೂ ಅನುಮಾನ ಉಳಿದರೆ ಗ್ರೀಸ್ ಸಹಾಯಕ್ಕೆ ಬರುತ್ತದೆ. ಫಿಲ್ಟರ್‌ನ ಒಳಗೆ, ಅಂಚಿನ ಪಕ್ಕದಲ್ಲಿ ಗ್ರೀಸನ್ನು ತೀರಾ ತೆಳ್ಳಗೆ ಸವರಿ. ಕಾರ್ಬೊರೇಟರ್ ಬಾಯಿಗೆ ಬೇಡ. ಒಂದು ಟ್ಯಾಂಕ್ ಓಡಿಸಿ. ಬಿಚ್ಚಿ ನೋಡಿದರೆ ಹುಡಿ ಎಲ್ಲಿಂದ ನುಗ್ಗಿತೋ ಅಲ್ಲಿ ಗ್ರೀಸ್‌ಗೆ ಅಂಟಿಕೊಂಡಿರುತ್ತದೆ. ತೀರಾ ಧೂಳಿನ ಕೆಲಸ ಇದ್ದಾಗ ಅಂಚಿಗೇ ಒಂದು ಎಳೆ ಗ್ರೀಸ್ ಹಚ್ಚಿ ಕೂರಿಸುವವರೂ ಇದ್ದಾರೆ. ನಾನೂ ಹಾಗೆ ಮಾಡುತ್ತೇನೆ. ಪ್ರತಿ ಸಲ ಹಳೆಯದನ್ನು ಒರೆಸಿ ಹೊಸದು ಹಚ್ಚಬೇಕು, ಇಲ್ಲದಿದ್ದರೆ ಗ್ರೀಸೇ ಮಣ್ಣಿನ ಮುದ್ದೆಯಾಗುತ್ತದೆ.

ಫಿಲ್ಟರ್‌ನ ಹಿಂದೆ

ಫಿಲ್ಟರ್, ಅಂಚು ಎರಡೂ ಸರಿ ಇದ್ದು ಹುಡಿ ಬರುತ್ತಿದ್ದರೆ ತಳದ ಪ್ಲೇಟ್ ನೋಡಿ. ಚೋಕ್‌ನ ಕಂಬಿ, ಎಕ್ಸಲರೇಟರ್‌ನ ಕಂಬಿ, ಕಾರ್ಬೊರೇಟರ್‌ನ ಅಡ್ಜಸ್ಟ್ ಸ್ಕ್ರೂಗಳು ಹಾದುಹೋಗುವಲ್ಲಿ ಸಣ್ಣ ರಬ್ಬರ್ ಬಿಲ್ಲೆಗಳಿರುತ್ತವೆ. ರಿಪೇರಿಗೆ ಬಿಚ್ಚಿದವರು ಒಂದನ್ನು ಮರೆತರೆ ಅಲ್ಲೇ ಒಂದು ಕಿಟಕಿ. ಮೆಷಿನ್ ಗ್ಯಾರೇಜಿಗೆ ಹೋಗಿ ಬಂದ ಮೇಲೆ ಹುಡಿ ಶುರುವಾಗಿದ್ದರೆ ಮೊದಲು ಇದನ್ನೇ ನೋಡಿ.

ಕಾರ್ಬೊರೇಟರ್ ಹಿಡಿದಿರುವ ಎರಡು ನಟ್ ಅಥವಾ ಸ್ಕ್ರೂ ನಡುಕಕ್ಕೆ ಸಡಿಲಾಗುತ್ತವೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವೆ ಗಾಳಿ ಎಳೆದರೆ ಅದು ಬರೀ ಹುಡಿಯ ವಿಷಯ ಅಲ್ಲ. ಲೆಕ್ಕಕ್ಕಿಂತ ಜಾಸ್ತಿ ಗಾಳಿ ಹೋಗುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆ. ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಎಕ್ಸಲರೇಟರ್ ಬಿಟ್ಟರೂ ಸದ್ದು ಬೇಗ ಇಳಿಯುವುದಿಲ್ಲ. ಹೀಗಾದರೆ ಅಲ್ಲೇ ನಿಲ್ಲಿಸಿ. "ಇದೊಂದು ದಿಮ್ಮಿ ಮುಗಿಸಿಬಿಡೋಣ" ಅಂದವರ ಪಿಸ್ಟನ್ ಹಿಡಿದುಕೊಂಡಿದ್ದನ್ನು ನೋಡಿದ್ದೇನೆ. ನಟ್ ಬಿಗಿದರೂ ಸರಿಯಾಗದಿದ್ದರೆ ಗ್ಯಾಸ್ಕೆಟ್ ಅಥವಾ ನಡುವಿನ ರಬ್ಬರ್ ಕೊಳವೆ ಹರಿದಿರುತ್ತದೆ. ಅದು ಮೆಕ್ಯಾನಿಕ್ ಕೆಲಸ.

ಇನ್ನು ಕೆಲವು ಕಂಪನಿಗಳ ಮೆಷಿನ್‌ಗಳಲ್ಲಿ ಗಾಳಿ ಫಿಲ್ಟರ್‌ಗೆ ಬರುವ ಮೊದಲೇ ಅರ್ಧ ಶುಚಿಯಾಗಿರುತ್ತದೆ. ಹಸ್ಕ್‌ವರ್ನಾದವರು ಇದನ್ನು ಏರ್ ಇಂಜೆಕ್ಷನ್ ಅನ್ನುತ್ತಾರೆ. ಸ್ಟಿಲ್‌ನವರ ಹಲವು ಮಾಡೆಲ್‌ಗಳಲ್ಲೂ ಇಂಥದ್ದೇ ಏರ್ಪಾಡಿದೆ. ಫ್ಲೈವೀಲ್ ಫ್ಯಾನ್ ತಿರುಗುವ ರಭಸಕ್ಕೆ ಭಾರದ ಹುಡಿ ಹೊರಗೆ ಎಸೆಯಲ್ಪಡುತ್ತದೆ, ಉಳಿದ ಗಾಳಿ ಮಾತ್ರ ಒಂದು ಸಣ್ಣ ದಾರಿಯಲ್ಲಿ ಫಿಲ್ಟರ್‌ಗೆ ಹೋಗುತ್ತದೆ. ಆ ದಾರಿ ಕಟ್ಟಿಕೊಂಡರೆ ಅನುಕೂಲವೆಲ್ಲ ಹೋಯಿತು. ಸ್ಟಾರ್ಟರ್ ಕವರ್ ಬಿಚ್ಚಿದಾಗ ಬ್ರಷ್‌ನಲ್ಲಿ ತೆಗೆಯಿರಿ, ಹಾಗೇ ಸಿಲಿಂಡರ್‌ನ ರೆಕ್ಕೆಗಳ ಸಂದಿಯನ್ನೂ.

ಚೈನ್ ಮೊಂಡಾಗಿದೆಯಾ ನೋಡಿ

ಇದನ್ನು ಕೊನೆಗೆ ಬರೆಯುತ್ತಿದ್ದೇನೆ, ಆದರೆ ಹುಡಿ ಹುಟ್ಟುವುದೇ ಇಲ್ಲಿ. ಹರಿತವಾದ ಚೈನ್ ಅವಲಕ್ಕಿಯಂಥ ಚಕ್ಕೆ ಹಾರಿಸುತ್ತದೆ. ಮೊಂಡಾದ ಚೈನ್ ಹಿಟ್ಟು ಬೀಸುತ್ತದೆ. ಚಕ್ಕೆ ಫಿಲ್ಟರ್ ಹತ್ತಿರ ಹೋದರೂ ಉದುರಿ ಬೀಳುತ್ತದೆ. ಹಿಟ್ಟು ಎಲ್ಲ ಸಂದಿಗೂ ನುಗ್ಗುತ್ತದೆ. ಮೆಷಿನ್‌ನ ಕೆಳಗೆ ಬಿದ್ದಿದ್ದನ್ನು ಒಂದು ಹಿಡಿ ತೆಗೆದು ನೋಡಿ. ಊದಿದರೆ ಹೊಗೆಯಂತೆ ಹಾರಿತಾ? ಹಾಗಾದರೆ ಅರ ತೆಗೆದುಕೊಳ್ಳಿ.

ಅರದ ಅಳತೆ ಚೈನಿನ ಪಿಚ್ ಮೇಲೆ, ಅಂದರೆ ಕೊಂಡಿಗಳ ನಡುವಿನ ಅಂತರದ ಮೇಲೆ ಹೋಗುತ್ತದೆ. 0.325 ಇಂಚಿನ ಚೈನಿಗೆ 4.8 ಮಿ.ಮೀ. ಉರುಟು ಅರ. ಸಣ್ಣ ಮೆಷಿನ್‌ಗಳ ಲೋ ಪ್ರೊಫೈಲ್ (ತಗ್ಗು ಹಲ್ಲಿನ) 3/8 ಇಂಚಿನ ಚೈನಿಗೆ 4 ಮಿ.ಮೀ. ಬೇರೆ ಚೈನ್ ಆದರೆ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಸಾಮಾನ್ಯವಾಗಿ 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಪ್ರತಿ ಹಲ್ಲಿಗೂ ಒಂದೇ ಲೆಕ್ಕ.

ತೆಂಗಿನ ಮರ, ತೇಗ ಎರಡೂ ಚೈನನ್ನು ಬೇಗ ತಿನ್ನುತ್ತವೆ. ಅವುಗಳ ಮರದೊಳಗೇ ಸಿಲಿಕಾ, ಅಂದರೆ ಮರಳಿನ ಜಾತಿಯ ಖನಿಜ ಇದೆ. ಒಣಗಿದ ತೆಂಗು ಕುಯ್ಯುವ ದಿನ ನಾನು ಪ್ರತಿ ಟ್ಯಾಂಕಿಗೆ ಒಮ್ಮೆ ಅರ ಹಾಕುತ್ತೇನೆ, ಒಮ್ಮೆ ಫಿಲ್ಟರ್ ನೋಡುತ್ತೇನೆ. ಮಳೆಗಾಲದಲ್ಲಿ ಬಿದ್ದ ಹಸಿ ಮರಕ್ಕೆ ಇಷ್ಟೆಲ್ಲ ಬೇಡ, ದಿನಕ್ಕೊಮ್ಮೆ ಸಾಕು. ಹಲಗೆ ಸೀಳುವವರು ದಿಮ್ಮಿಯ ತುದಿಯಿಂದ ಉದ್ದಕ್ಕೆ ಕುಯ್ಯುತ್ತಾರಲ್ಲ, ಆಗ ಬರುವ ಹುಡಿ ಎಲ್ಲಕ್ಕಿಂತ ನುಣ್ಣಗೆ. ಅಂಥವರಿಗೆ ಸಣ್ಣ ಜಾಲರಿಯ ಫಿಲ್ಟರ್ ಬೇಕೇ ಬೇಕು.

ತೊಳೆಯುವ ರೀತಿ

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್. ಅರ್ಧ ಗಂಟೆ ನೆನೆಸಿ, ಅಲುಗಿಸಿ ತೊಳೆಯಿರಿ. ನೀರು ಒಳಗಿನಿಂದ ಹೊರಗೆ ಹರಿಯಲಿ. ನೆರಳಲ್ಲಿ ಪೂರ್ತಿ ಒಣಗಲಿ. ಒದ್ದೆ ಫಿಲ್ಟರ್ ಹಾಕಿ ಸ್ಟಾರ್ಟ್ ಮಾಡಬೇಡಿ. ಪೇಪರ್ ಅಥವಾ ಫೆಲ್ಟ್ ಆದರೆ ನೀರಿಗೆ ಹಾಕುವ ಮೊದಲು ಮೆಷಿನ್ ಜೊತೆ ಬಂದ ಪುಸ್ತಕ ನೋಡಿ, ಕೆಲವನ್ನು ತಟ್ಟಿ ಉದುರಿಸಬೇಕಷ್ಟೆ.

ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವ ಅಭ್ಯಾಸ ಬಹಳ ಜನಕ್ಕಿದೆ. ಅಲ್ಲಿನ ಒತ್ತಡಕ್ಕೆ ಜಾಲರಿಯ ಅಂಟು ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಹೊಡೆದರಂತೂ ಹುಡಿ ಇನ್ನೂ ಒಳಗೆ ಕಚ್ಚುತ್ತದೆ. ಗಾಳಿಯೇ ಬೇಕಾದರೆ ದೂರದಿಂದ, ಮೆಲ್ಲಗೆ, ಒಳಗಿನಿಂದ ಹೊರಗೆ. ಕಣ್ಣಿಗೆ ಕನ್ನಡಕ ಇರಲಿ. ಇನ್ನೊಂದು, ಸ್ಪಾಂಜ್ ಫಿಲ್ಟರ್‌ಗೆ ಎಣ್ಣೆ ಹಾಕುವುದನ್ನು ನೋಡಿ ನೈಲಾನ್ ಜಾಲರಿಗೂ ಹಾಕುವವರಿದ್ದಾರೆ. ಬೇಡ. ಹುಡಿ ಅಂಟಿ, ಗಂಟೆಯೊಳಗೆ ಮೆಷಿನ್ ಉಸಿರುಗಟ್ಟುತ್ತದೆ. ಎರಡು ಫಿಲ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಒಣಗುವಾಗ ಇನ್ನೊಂದು ಕೆಲಸಕ್ಕೆ.

ಈಗಾಗಲೇ ಹುಡಿ ಹೋಗಿಯಾಗಿದೆ, ಮೆಷಿನ್ ಹಾಳಾಯಿತಾ?

ಸುಲಭದ ಪರೀಕ್ಷೆ ಒಂದಿದೆ. ಸ್ವಿಚ್ ಆಫ್ ಇರಲಿ, ಚೈನಿಗೆ ಕವರ್ ಇರಲಿ. ಪ್ಲಗ್ ತನ್ನ ಜಾಗದಲ್ಲೇ ಬಿಗಿಯಾಗಿರಲಿ, ಕ್ಯಾಪ್ ಮಾತ್ರ ಹೊರಗೆ. ಸ್ಟಾರ್ಟ್ ಮಾಡುವಾಗ ಎಳೆತ ಹಗುರ ಮಾಡುವ ಡಿಕಂಪ್ರೆಷನ್ ಬಟನ್ ಇದ್ದರೆ ಅದು ಒತ್ತಿರಬಾರದು. ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಮೆಷಿನ್ ಮೇಲಕ್ಕೆತ್ತಿ, ನೆಲದಿಂದ ಒಂದು ಗೇಣು ಎತ್ತರ ಸಾಕು. ಒಳಗೆ ಗಟ್ಟಿಯಾಗಿದ್ದರೆ ಮೆಷಿನ್ ನೇತಾಡಿ, ತಡೆದು ತಡೆದು ನಿಧಾನ ಇಳಿಯುತ್ತದೆ. ಸರ್ರನೆ ಜಾರಿದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೆ ಗಾಳಿ ಒತ್ತಿ ಹಿಡಿಯುವ ಶಕ್ತಿ, ಹೋಗಿದೆ. ಹಗುರ ಎಳೆತದ ಸ್ಪ್ರಿಂಗ್ ಸ್ಟಾರ್ಟರ್ ಇರುವ ಮೆಷಿನ್‌ಗಳಲ್ಲಿ ಇದು ಸರಿ ಹೇಳುವುದಿಲ್ಲ, ಅವಕ್ಕೆ ಒತ್ತಡ ಅಳೆಯುವ ಗೇಜ್ ಬೇಕು.

ಮೆಕ್ಯಾನಿಕ್ ಹತ್ತಿರ ಹೋದರೆ ಕಾರ್ಬೊರೇಟರ್ ಬಿಚ್ಚಿಸಿ ಪಿಸ್ಟನ್‌ನ ಆ ಬದಿಯನ್ನು ತೋರಿಸಲು ಹೇಳಿ. ಹೊಸ ಪಿಸ್ಟನ್‌ನಲ್ಲಿ ಲೇತ್‌ನ ಸಣ್ಣ ಅಡ್ಡಗೆರೆಗಳು ಕಾಣುತ್ತವೆ. ಹುಡಿ ತಿಂದ ಪಿಸ್ಟನ್‌ನಲ್ಲಿ ಆ ಗೆರೆಗಳು ಅಳಿಸಿಹೋಗಿ, ಬೂದು ಬಣ್ಣಕ್ಕೆ ಮಂಕಾಗಿರುತ್ತದೆ. ಸೈಲೆನ್ಸರ್ ಬದಿಯಲ್ಲಿ ಮಾತ್ರ ಉದ್ದುದ್ದ ಗೀರು ಇದ್ದರೆ ಸಾಮಾನ್ಯವಾಗಿ ಅದು ಹುಡಿಯ ಕೆಲಸ ಅಲ್ಲ. ಆಯಿಲ್ ಕಡಿಮೆಯಾಗಿಯೋ ಬಿಸಿ ಜಾಸ್ತಿಯಾಗಿಯೋ ಆದದ್ದು. ಇದು ಗೊತ್ತಿದ್ದರೆ ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್ ಸೆಟ್) ಹಾಕಿಸಿದ ಮೇಲೂ ಅದೇ ರೋಗ ಮರುಕಳಿಸುವುದಿಲ್ಲ.

ನನ್ನ ಮೆಷಿನ್ ಸದ್ಯ ನೇತಾಡುತ್ತಿದೆ, ನಿಧಾನವಾಗಿಯೇ ಇಳಿಯುತ್ತಿದೆ. ಆ ವಾಷರ್ ತೆಗೆದು ಕಂಪನಿಯ ಫಿಲ್ಟರ್ ಹಾಕಿದ್ದೇನೆ. ಬಿಳಿ ಪಂಚೆಯ ತುಂಡೊಂದನ್ನು ಟೂಲ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಪ್ರತಿ ಸಲ ಫಿಲ್ಟರ್ ತೆಗೆದಾಗ ಅದನ್ನು ಬೆರಳಿಗೆ ಸುತ್ತಿ ಕಾರ್ಬೊರೇಟರ್ ಬಾಯಿ ಒರೆಸುತ್ತೇನೆ. ಬಟ್ಟೆಗೆ ಎಣ್ಣೆ ಕಲೆ ಬಂದರೆ ಸುಮ್ಮನಾಗುತ್ತೇನೆ. ಕಂದು ಹುಡಿ ಬಂದರೆ ಮತ್ತೆ ಕಾಡಿಗೆ ಕೇಳಲು ಒಳಗೆ ಹೋಗುತ್ತೇನೆ.